ಬಣ್ಣಕ್ಕಾಗಿ ಇಳಿಸಿದ ಭಾರ

ಕೋವಿಡ್ ಮುಗಿದು ಕಾಲೇಜುಗಳು ಮತ್ತೆ ತುಂಬಿಕೊಂಡ ಸಮಯ. ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ನಾನು ಪ್ರಾಧ್ಯಾಪಕನಾಗಿದ್ದೆ. ಕಾಂಕ್ರೀಟ್ ನನ್ನ ವಿಷಯ. ಈ ಸಂಗತಿಯನ್ನು ಸಮಾಧಾನದಿಂದ ಬರೆಯಬೇಕೆಂದು ಎರಡು ಸಲ ಕೂತೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ರುಖಸಾನಾ ಬಾಗವಾನ ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಊರು ಇಳಕಲ್ಲು, ಹುನಗುಂದದ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಅಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗುವುದರಲ್ಲಿತ್ತು. ಅದಕ್ಕೆ ಅರ್ಜಿ ಹಾಕಲು ಡಾಕ್ಟರೇಟ್ ಬೇಕಿತ್ತು. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳಿಂದ ಕೆಸರಿನಂತೆ ಹೊರಬೀಳುವ ಕಲ್ಲಿನ ಪುಡಿ ಒಣಗಿದ ಮೇಲೆ ಗಾಳಿಗೆ ಎದ್ದು ಜನರ ಮೂಗು, ಬಾಯಿ ಸೇರುತ್ತದೆ. ಆ ಪುಡಿಯನ್ನು ಒಂದಿಷ್ಟು ಮರಳಿನ ಬದಲು ಕಾಂಕ್ರೀಟಿಗೆ ಬೆರೆಸಿದರೆ ಮನೆಯ ಸ್ಲ್ಯಾಬು ತಡೆದೀತೇ ಎಂಬುದು ಅವಳ ಪ್ರಶ್ನೆ.

ಇದಕ್ಕೆ ಒಂದೆರಡು ದಿನದಲ್ಲಿ ಉತ್ತರ ಸಿಗುವುದಿಲ್ಲ. ಪುಸ್ತಕ ತುಂಬಿದ ಹಲಗೆ ಕಾಲ ಕಳೆದಂತೆ ಬಾಗುತ್ತದಲ್ಲ, ಕಾಂಕ್ರೀಟೂ ಹಾಗೆಯೇ ಭಾರ ಹೊತ್ತು ಹೊತ್ತು ನಿಧಾನವಾಗಿ ಬಾಗುತ್ತದೆ. ನಾವು ಅದನ್ನು ಕ್ರೀಪ್ ಎನ್ನುತ್ತೇವೆ. ಅದನ್ನು ಅಳೆಯಬೇಕೆಂದರೆ ಆ ಕಾಂಕ್ರೀಟಿನಲ್ಲಿ ಎರಕ ಹೊಯ್ದ ತೊಲೆಗಳ ಮೇಲೆ ಭಾರ ಹೇರಿ ಒಂದು ವರ್ಷ ಮುಟ್ಟದೆ ಬಿಡಬೇಕು. ನಡುವೆ ಭಾರ ಇಳಿಸಿದರೆ ಆ ಪ್ರಯೋಗ ಅಲ್ಲಿಗೆ ಮುಗಿಯಿತು. ಮತ್ತೆ ಹೇರಿದರೆ ಅದು ಬೇರೆಯೇ ಪ್ರಯೋಗ. ಪ್ರಯೋಗಾಲಯದ ಒಂದು ಮೂಲೆಯಲ್ಲಿ ಅವಳ ತೊಲೆಗಳು ಹತ್ತು ತಿಂಗಳು ಭಾರ ಹೊತ್ತು ನಿಂತಿದ್ದವು. ವಾರಕ್ಕೊಮ್ಮೆ ಅವಳು ಬಸ್ಸಿನಲ್ಲಿ ಬಂದು ಡಯಲ್ ಗೇಜ್ ನೋಡಿ, ಎಷ್ಟು ಬಾಗಿದೆಯೆಂದು ಬರೆದುಕೊಂಡು ಹೋಗುತ್ತಿದ್ದಳು.

ಅಷ್ಟರಲ್ಲಿ ಕಾಲೇಜಿನ ಗುಣಮಟ್ಟ ಪರಿಶೀಲಿಸಲು ಹೊರಗಿನ ಸಮಿತಿ ಬರುತ್ತದೆಂಬ ಸುದ್ದಿ ಬಂತು. ವಿಭಾಗದಲ್ಲಿ ಮದುವೆ ಮನೆಯ ಗಡಿಬಿಡಿ. ನಾನು ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಬೆಳಗಾವಿಗೆ ಹೋಗಿದ್ದೆ. ತಿರುಗಿ ಬಂದು ಪ್ರಯೋಗಾಲಯದ ಬಾಗಿಲು ತೆರೆದರೆ ಹೊಸ ಬಣ್ಣದ ವಾಸನೆ. ಮೂಲೆ ಖಾಲಿ. ಅಲ್ಲಿ ಒಂದು ದೊಡ್ಡ ಬೋರ್ಡು ತೂಗುತ್ತಿತ್ತು: ‘ವಿಭಾಗದ ಸಂಶೋಧನಾ ಕ್ಷೇತ್ರಗಳು’. ಮೊದಲನೇ ಸಾಲಿನಲ್ಲೇ, ಬಂಗಾರದ ಅಕ್ಷರದಲ್ಲಿ, ‘ತ್ಯಾಜ್ಯದಿಂದ ಸುಸ್ಥಿರ ಕಟ್ಟಡ ಸಾಮಗ್ರಿ’. ಅದು ರುಖಸಾನಾಳ ಕ್ಷೇತ್ರ. ಅವಳ ತೊಲೆಗಳು ವರ್ಕ್‌ಶಾಪಿನ ಹಿಂದೆ, ಒಡೆದ ಬೆಂಚುಗಳ ಜೊತೆ ಬಿದ್ದಿದ್ದವು.

ಲ್ಯಾಬಿನ ಅಟೆಂಡರ್ ಮಲ್ಲಪ್ಪ ಕೈ ಹಿಸುಕುತ್ತ ಬಂದ. “ಬ್ಯಾಡಂತ ಹೇಳೀನ್ರಿ ಸರ. ಸಾಹೇಬ್ರು ನಿಂತು ಇಳಿಸಿದ್ರು,” ಎಂದ. ನಾನು ಸೀದಾ ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಅವರೂ ಸಿವಿಲ್ ಇಂಜಿನಿಯರೇ. ಕ್ರೀಪ್ ಅಂದರೇನೆಂದು ತರಗತಿಯಲ್ಲಿ ಪಾಠ ಹೇಳಿದವರು.

“ಗ್ವಾಡಿಗೆ ಬಣ್ಣ ಹಚ್ಚೂದಿತ್ರಿ ಪ್ರೊಫೆಸರ್ರ,” ಎಂದರು, ಚಹಾ ತರಿಸುತ್ತ. “ಹತ್ತು ತಿಂಗಳ ರೀಡಿಂಗ್ ಅದಾವಲ್ಲ? ಗ್ರಾಫ್ ಯಾಕಡೆ ಹೊಂಟೈತಿ ಕಾಣಸ್ತೈತಿ. ಉಳಿದ ಎರಡ್ ತಿಂಗಳ ಗೆರಿ ಹಂಗ ಎಳದಬಿಡ್ರಿ. ಯಾರ್ ನೋಡ್ತಾರ?”

ಚಹಾ ಮುಟ್ಟದೆ ಎದ್ದು ಬಂದೆ. ಗೊತ್ತಿಲ್ಲದವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆನೇನೋ. ಎಲ್ಲ ಗೊತ್ತಿದ್ದೂ ಮಾಡಿದ ಈ ಮನುಷ್ಯನ ಮೇಲೆ ನನಗೆ ಅಸಹ್ಯ ಹುಟ್ಟಿತು.

ಮರುದಿನ ರುಖಸಾನಾ ಬಂದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ತೊಲೆಯ ಮೇಲಿನ ಧೂಳು ಒರೆಸಿದಳು. “ಹೇಳಿ ತಗದಿದ್ರ ಕಡೀ ರೀಡಿಂಗರೆ ತಗೋತಿದ್ನೆಲ್ರಿ ಸರ,” ಎಂದಳು. ಮುಖ್ಯಸ್ಥರ ಸಲಹೆಯನ್ನೂ ಹೇಳಿದೆ. ಹೇಳದೆ ಮುಚ್ಚಿಡುವ ಹಕ್ಕು ನನಗಿರಲಿಲ್ಲ. ಮತ್ತೆ ಒಂದು ವರ್ಷ ಕಾದರೆ ಆ ಕಾಯಂ ಹುದ್ದೆ ಕೈತಪ್ಪುವುದು ಅವಳಿಗೇ. “ನಮ್ಮ ಅಬ್ಬಾ ಮನಿ ಮ್ಯಾಲ ಒಂದ್ ಖೋಲಿ ಕಟ್ಟಸಾಕತ್ತಾರ್ರಿ. ಸ್ಲ್ಯಾಬಿಗೆ ಈ ಪುಡಿ ಹಾಕ್ಲೇನವಾ ಅಂತ ಕೇಳ್ತಾರ. ಎಳೆದ ಗೆರಿ ನೋಡಿ ಹೂಂ ಅನ್ಲೇನ್ರಿ?” ಎಂದಳು.

ಸಮಿತಿ ಬಂತು. ಬೋರ್ಡಿನ ಮುಂದೆ ನಿಂತು ಮುಖ್ಯಸ್ಥರು ಒಂದೊಂದೇ ಕ್ಷೇತ್ರವನ್ನು ಬಣ್ಣಿಸಿದರು. ಸಮಿತಿಯ ಮಹಿಳಾ ಪ್ರಾಧ್ಯಾಪಕರೊಬ್ಬರು ಮೊದಲ ಸಾಲು ತೋರಿಸಿ, “ಇದರಲ್ಲಿ ಈಗ ಯಾವ ಪ್ರಯೋಗ ನಡೆದಿದೆ?” ಎಂದು ಕೇಳಿದರು. ಮುಖ್ಯಸ್ಥರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ನಡೆದಿತ್ತು ಮೇಡಂ. ನೀವು ಬರುತ್ತೀರೆಂದು ಕಿತ್ತು ಹಾಕಿದೆವು. ಹಿತ್ತಲಲ್ಲಿದೆ, ಬನ್ನಿ.”

ಅವರು ಬಂದರು, ನೋಡಿದರು, ತುಟಿ ಬಿಗಿದುಕೊಂಡರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು. ಕಾಲೇಜಿಗೆ ಒಳ್ಳೆಯ ಶ್ರೇಣಿಯೇ ಬಂತು. ವರದಿಯಲ್ಲಿ ‘ಸ್ಥಳೀಯ ಸಮಸ್ಯೆಗಳಿಗೆ ಸ್ಪಂದಿಸುವ ಸಂಶೋಧನೆ’ ಎಂದು ಹೊಗಳಿಕೆ ಬೇರೆ. ಓದಿ ಆ ಕಾಗದವನ್ನು ಮೇಜಿನ ಮೇಲೆ ಎಸೆದೆ.

ಹೊಸ ತೊಲೆ ಎರಕ ಹೊಯ್ದು ಮೊದಲಿನಿಂದ ಶುರು ಮಾಡಲು ರುಖಸಾನಾಳಿಗೆ ವಿಶ್ವವಿದ್ಯಾಲಯ ಅವಧಿ ವಿಸ್ತರಿಸಬೇಕಿತ್ತು. ಇಲ್ಲದಿದ್ದರೆ ನೋಂದಣಿಯೇ ರದ್ದು. ಅರ್ಜಿ ಮುಖ್ಯಸ್ಥರ ಸಹಿಯಾಗಿ ಹೋಗಬೇಕು. ಇಬ್ಬರೂ ಅವರ ಕೋಣೆಗೆ ಹೋದೆವು. “ಕಾರಣ ಅನ್ನೋ ಕಡೆ ‘ಅಭ್ಯರ್ಥಿಯ ಅನಾರೋಗ್ಯ’ ಅಂತ ಬರೀವಾ. ಹೆಣಮಕ್ಕಳಿಗೆ ಲಗೂನ ಕೊಡ್ತಾರ,” ಎಂದರು ಅವರು, ಮಗಳಿಗೆ ಹೇಳುವಷ್ಟು ಮೆತ್ತಗೆ. ನನ್ನ ಮೈ ಉರಿದುಹೋಯಿತು. ಆದರೆ ಆ ಸಹಿ ಬೇಕಾಗಿದ್ದು ಅವಳಿಗೆ. ಹಲ್ಲು ಕಚ್ಚಿ ಸುಮ್ಮನಿದ್ದೆ.

“ನನಗೇನೂ ಆಗಿಲ್ರಿ ಸರ,” ಎಂದಳು ರುಖಸಾನಾ. ಅವರ ಮೇಜಿನ ಮೇಲಿನ ಪೆನ್ನನ್ನೇ ತೆಗೆದುಕೊಂಡು ಬರೆದಳು: ‘ಕಾರಣ: ಗೋಡೆಗೆ ಬಣ್ಣ ಹಚ್ಚಲು ಪ್ರಯೋಗದ ಭಾರವನ್ನು ವಿಭಾಗವೇ ಇಳಿಸಿದೆ.’ ಕೆಳಗೆ ನಾನು ಸಹಿ ಹಾಕಿದೆ. “ಇದನ್ನ ಕಳಸಾಂಗಿಲ್ಲ,” ಎಂದರು ಮುಖ್ಯಸ್ಥರು. “ಸಮಿತಿ ಮೇಡಂ ಕಣ್ಣಾರೆ ನೋಡ್ಯಾರ. ಅವರನ್ನ ಸಾಕ್ಷಿ ಕೇಳ್ಲೇನ್ರಿ?” ಎಂದೆ. ಅವರ ಮುಖ ಕಪ್ಪಿಟ್ಟಿತು. ಸಹಿ ಹಾಕಿದರು.

ಅವಧಿ ಸಿಕ್ಕಿತು. ಹೊಸ ತೊಲೆಗಳು ಪೂರ್ತಿ ಒಂದು ವರ್ಷ ಭಾರ ಹೊತ್ತವು, ಅವಳಿಗೆ ಡಾಕ್ಟರೇಟೂ ಬಂತು. ಅಷ್ಟರಲ್ಲಿ ಆ ಕಾಯಂ ಹುದ್ದೆಗೆ ಬೇರೆಯವರು ಬಂದಿದ್ದರು. ಡಾ. ರುಖಸಾನಾ ಬಾಗವಾನ ಇವತ್ತಿಗೂ ಅಲ್ಲಿ ಗೆಸ್ಟ್ ಲೆಕ್ಚರರ್.

ಸುಳ್ಳು ಬರೆಯಲು ಹೇಳುವವರು ಯಾವಾಗಲೂ ಮೆತ್ತಗೆ, ಚಹಾ ಕೊಟ್ಟು ಮಾತಾಡುತ್ತಾರೆ. ಅವರೆದುರು ಸಿಟ್ಟು ಕಾಯ್ದುಕೊಳ್ಳುವುದೂ ಪ್ರಾಧ್ಯಾಪಕನ ಕೆಲಸವೇ ಎಂದು ಈ ವೃತ್ತಿ ನನಗೆ ಕಲಿಸಿತು. ನನ್ನ ಬೀಳ್ಕೊಡುಗೆಯ ದಿನ ಅದೇ ಮುಖ್ಯಸ್ಥರು ಹಾರ ಹಾಕಿ, “ಇನ್ನರೆ ಸಿಟ್ಟು ಬಿಡ್ರಿ ಪ್ರೊಫೆಸರ್ರ,” ಎಂದರು.

ಬಿಟ್ಟಿಲ್ಲ.