ಸಂಜೆ ಆರೂ ಹತ್ತರ ಮೂರು ರಿಂಗು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಬಿಳಿಗೂದಲನ್ನು ಹಿಂದಕ್ಕೆ ಬಾಚಿ ಕ್ಲಿಪ್ಪು ಹಾಕಿಕೊಂಡ ದಿನ ಅದು ಸರಿಯಾಗಿ ಕಾಣುತ್ತಿತ್ತು. ಕಿವಿಯ ಮೇಲಂಚು ತಲೆಗೆ ಒತ್ತಿಕೊಂಡಿರುತ್ತಿತ್ತು, ಅದರ ಮೇಲೆ ಕೂದಲಿನಲ್ಲಿ ಬೆರಳಗಲದ ಒಂದು ತಗ್ಗು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರ ಗುರುತು ಅದು. "ಸರ್ಕಾರ ನಂಗೆ ಕೊಟ್ಟ ಪದಕ" ಎಂದು ಅದನ್ನು ಮುಟ್ಟಿ ತೋರಿಸುತ್ತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ, ಯಾವುದಾದರೂ ಮಾತು ಮುಖ್ಯ ಅನ್ನಿಸಿದರೆ ಆ ಕಿವಿಯನ್ನೇ ಮುಂದೆ ಮಾಡುತ್ತಿದ್ದರು.

ನಾವು ಮನೆಯಲ್ಲಿ ಅವರನ್ನು ಎಕ್ಸ್‌ಚೇಂಜ್ ಓಮಾ ಎನ್ನುತ್ತಿದ್ದೆವು. ಓಮಾ ಎಂದರೆ ಜರ್ಮನ್ನಿನಲ್ಲಿ ಅಜ್ಜಿ. ಅವರು ಆಡುತ್ತಿದ್ದದ್ದು ಅಚ್ಚ ಜರ್ಮನ್. ಆದರೆ ಇಷ್ಟು ವರ್ಷ ನನ್ನೊಳಗೇ ಇದ್ದು ಆ ಮಾತುಗಳೆಲ್ಲ ಮೈಸೂರು ಕನ್ನಡವೇ ಆಗಿಬಿಟ್ಟಿವೆ, ಹಾಗೆಯೇ ಬರೆಯುತ್ತೇನೆ. ನಮ್ಮ ಪರಿಚಯವಾದದ್ದು ಮಾತ್ರ ಪೊಲೀಸ್ ಸ್ಟೇಷನ್ನಿನಲ್ಲಿ. ನಾನು ಆರೋಪಿ, ಅವರು ದೂರು ಕೊಟ್ಟವರು.

ನಾನು, ಕಂಪ್ಯೂಟರಿನವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ, ಇಲ್ಲಿಗೆ ಬಂದ ಎರಡನೆಯ ವರ್ಷ ಅದು. ಹೆಂಡತಿ ಎಂಟು ತಿಂಗಳ ಮಗಳನ್ನು ಕರೆದುಕೊಂಡು ಆಗಷ್ಟೇ ಬಂದಿದ್ದಳು. ಡಾರ್ಮ್‌ಸ್ಟಾಟ್‌ನಲ್ಲಿ ಎರಡು ಕೋಣೆಯ ಹೊಸ ಮನೆ, ಮನೆಗೆ ಹೊಸ ಲ್ಯಾಂಡ್‌ಲೈನ್, ನನ್ನ ಜೇಬಿನಲ್ಲಿ ಹೊಸ ಹ್ಯಾಂಡಿ. ಮೊಬೈಲನ್ನು ಇಲ್ಲಿಯವರು ಹಾಗೇ ಕರೆಯುವುದು. ನಮ್ಮ ಕಡೆ ಮನೆಮನೆಗೆ ಫೋನ್ ಬಂದಾಗಿನಿಂದ ಒಂದು ಪದ್ಧತಿಯಿದೆಯಲ್ಲ, ಊರು ತಲುಪಿದರೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುವುದು? ಯಾರೂ ಎತ್ತುವುದಿಲ್ಲ, ಸುದ್ದಿ ಮಾತ್ರ ಮುಟ್ಟುತ್ತದೆ. ನಾನೂ ಹೆಂಡತಿಗೆ ಹೇಳಿದ್ದೆ: "ಟ್ರಾಮ್ ಹತ್ತಿದ ತಕ್ಷಣ ಮೂರು ರಿಂಗ್ ಕೊಡ್ತೀನಿ. ಎತ್ತಬೇಡ. ಕುಕ್ಕರ್ ಇಡು."

ದಿನಾ ಸಂಜೆ ಆರೂ ಹತ್ತಕ್ಕೆ ಟ್ರಾಮ್ ಹತ್ತುತ್ತಿದ್ದೆ, ಮೂರು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದೆ. ಮನೆ ಬಾಗಿಲು ತೆಗೆಯುವ ಹೊತ್ತಿಗೆ ಕುಕ್ಕರ್ ಕೂಗುತ್ತಿರುತ್ತಿತ್ತು. ಎಂಥ ಏರ್ಪಾಡು ಮಾಡಿದೆ ಎಂದು ನನಗೆ ನನ್ನ ಮೇಲೇ ಹೆಮ್ಮೆ. ಏನಾದರೂ ಮಾತಾಡಬೇಕಿದ್ದರೆ ಹೆಂಡತಿಯೇ ಆಫೀಸಿಗೆ ಫೋನ್ ಮಾಡುತ್ತಿದ್ದಳು, ಹಾಗಾಗಿ ನಾನು ಹ್ಯಾಂಡಿಯಿಂದ ಮನೆಯವರ ಜೊತೆ ಮಾತಾಡಿದ್ದೇ ಇಲ್ಲ.

ಮೂರು ವಾರ ಕಳೆದ ಮೇಲೆ ಪೊಲೀಸರಿಂದ ಕಾಗದ ಬಂತು. ಡಿಕ್ಷನರಿ ಹಿಡಿದು ಓದಿದೆ. ದೂರವಾಣಿಯ ಮೂಲಕ ಒಬ್ಬ ಮಹಿಳೆಗೆ ಸತತ ಕಿರುಕುಳ, ಅವರ ಕೋರಿಕೆಯಂತೆ, ಕಾನೂನಿನ ಪ್ರಕಾರ ಕರೆಯ ಮೂಲ ಪತ್ತೆ ಮಾಡಿಸಲಾಗಿದೆ, ನಂಬರು ನಿಮ್ಮದು, ಬಂದು ಹೇಳಿಕೆ ಕೊಡಬೇಕು. ಮುಂದಿನ ತಿಂಗಳೇ ವಿದೇಶೀಯರ ಕಚೇರಿಯಲ್ಲಿ ನನ್ನ ವೀಸಾ ಮುಂದುವರಿಯಬೇಕಿತ್ತು. ಪಕ್ಕದ ಸೀಟಿನ ಬೆಂಗಳೂರಿನ ಗೆಳೆಯ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಗುರು, ಪೊಲೀಸ್ ಕೇಸ್ ಅಂದ್ರೆ ಎಕ್ಸ್‌ಟೆನ್ಶನ್ ಮರ್ತ್ಬಿಡು. ಟಿಕೆಟ್ ನೋಡ್ಕೊ" ಅಂದ. ಅವನು ತಮಾಷೆಗೆ ಹೇಳಿದ್ದಲ್ಲ.

ಆ ಸಂಜೆ ಹೆಂಡತಿ ಹ್ಯಾಂಡಿಯನ್ನೂ ಫೋನ್ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ನಾನು ಮನೆಯ ನಂಬರಿನ ಕೊನೆಯ ಎರಡು ಅಂಕಿಗಳನ್ನು ಹಿಂದುಮುಂದು ಹಾಕಿಕೊಂಡಿದ್ದೆ.

"ನಂಗೆ ಒಂದಿನಾನೂ ರಿಂಗ್ ಬಂದಿಲ್ಲ ರೀ" ಅಂದಳು.

"ಮತ್ತೆ ಕುಕ್ಕರ್?"

"ಆರೂ ಹತ್ತಕ್ಕೆ ಇಡ್ತಿದ್ದೆ. ಈ ಟ್ರಾಮ್ ಒಂದಿನಾನಾದ್ರೂ ಲೇಟ್ ಬಂದಿದ್ಯಾ? ನೀವು ರಿಂಗ್ ಕೊಡೋದ್ ಮರ್ತಿರ್ತೀರ ಅಂತ ಸುಮ್ನಿದ್ದೆ."

ಹೆಂಡತಿ ಗಂಡನ ಮರೆವಿನ ಬಗ್ಗೆ ಇಷ್ಟು ದೊಡ್ಡ ಮನಸ್ಸು ಮಾಡಬಾರದು. ಒಂದು ದಿನ ಬೈದಿದ್ದರೂ ನಾನು ಬಚಾವಾಗುತ್ತಿದ್ದೆ.

ಸ್ಟೇಷನ್ನಿನಲ್ಲಿ ಅವರು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ನನ್ನ ಮುಖ ನೋಡಿಯೇ ಮಾತಾಡುತ್ತೇನೆಂದು ಅಧಿಕಾರಿಗೆ ಹೇಳಿದ್ದರಂತೆ. ನಾನು ಮುರುಕು ಜರ್ಮನ್ನಿನಲ್ಲಿ ಮಿಸ್ ಕಾಲಿನ ಮಹಿಮೆಯನ್ನೆಲ್ಲ ವಿವರಿಸಿದೆ. ಅಧಿಕಾರಿಯ ಹುಬ್ಬು ಮೇಲೆ ಹೋಯಿತು. ಓಮಾ ಎಡಗಿವಿಯನ್ನು ಮುಂದೆ ಮಾಡಿದರು.

"ಅಂದ್ರೆ ಎಕ್ಸ್‌ಚೇಂಜಿಗೆ ಟೋಪಿ ಹಾಕೋದು."

"ಹೌದು" ಅಂದೆ. ಇನ್ನೇನು ಹೇಳಲಿ?

"ಮೂರು ರಿಂಗ್ ಅಂದ್ರೆ ಏನರ್ಥ?"

"ಅನ್ನಕ್ಕಿಡು ಅಂತ."

ಅವರು ಕೈಚೀಲವನ್ನು ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ, "ಎತ್ತೋಷ್ಟ್ರಲ್ಲಿ ನಿಂತ್ಹೋಗೋದು. ಮತ್ತೆ ಬರತ್ತೇನೋ ಅಂತ ಹದಿನೇಳು ಸಂಜೆ ಕೋಟು ಹಾಕ್ಕೊಂಡು ರಿಸೀವರ್ ಮೇಲೆ ಕೈಯಿಟ್ಟು ನಿಂತಿದ್ದೆ. ನಿಮ್ಮ ಅನ್ನಕ್ಕಾ?" ಅಂದರು.

ಕೋಟು ಯಾಕೆಂದು ಅಧಿಕಾರಿ ಕೇಳಿದ. "ಓಡಬೇಕಾಗಿ ಬಂದ್ರೆ ಅಂತ" ಎಂದರು. "ಯಾರಿಗೋ ಏನೋ ಆಗಿದೆ, ನಂಬರ್ ಒತ್ತೋಕೆ ಆಗ್ತಿದೆ, ಮಾತು ಬರ್ತಿಲ್ಲ ಅಂದ್ಕೊಂಡೆ. ಅದಕ್ಕೇ ಹುಡುಕಿಸ್ದೆ."

"ಇಲ್ಲಿ ಕಿರುಕುಳ ಅಂತ ಬರೆದಿದೆಯಲ್ಲ?" ಎಂದ ಅಧಿಕಾರಿ.

"ನಿಮ್ಮ ಫಾರಂನಲ್ಲಿ ಬೇರೆ ಖಾನೆ ಇರ್ಲಿಲ್ಲ."

ದೂರು ವಾಪಸು ತೆಗೆದುಕೊಂಡರು. ಆದರೆ ನನಗೆ ಒಂದು ಷರತ್ತು ಹಾಕಿದರು: "ನಿಮಗೆ ಫೋನ್ ಬಳಸೋದನ್ನ ಯಾರೂ ಹೇಳ್ಕೊಟ್ಟಿಲ್ಲ. ಭಾನುವಾರ ಮೂರೂವರೆಗೆ ಬನ್ನಿ. ಮೂರೂ ಮೂವತ್ತೈದಕ್ಕಲ್ಲ." ಮುಂದಿನ ತಿಂಗಳು ವೀಸಾ ಮುಂದುವರಿಯಿತು. ಆ ಭಾನುವಾರದಿಂದ ಹಿಡಿದು ಎಷ್ಟು ಭಾನುವಾರ ಅವರ ಮನೆಯಲ್ಲಿ ಕಾಫಿ ಕುಡಿದೆವೋ ಲೆಕ್ಕವಿಲ್ಲ. ಅವರ ಮನೆ ನಮ್ಮಿಂದ ಎರಡು ಬೀದಿ ಆಚೆ ಇತ್ತು.

ಅವರ ಮನೆಯ ನಡುಹಾದಿಯಲ್ಲಿ ಒಂದು ಸಣ್ಣ ಮೇಜು, ಮೇಜಿನ ಮೇಲೆ ಬೂದುಬಣ್ಣದ ಫೋನು, ಪಕ್ಕದಲ್ಲಿ ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಗಡಿಯಾರ. ಯಾರಿಗೇ ಫೋನ್ ಮಾಡಲಿ, ಮೊದಲು ಅದನ್ನು ತಿರುಗಿಸಿಡುತ್ತಿದ್ದರು. "ಮೊಟ್ಟೆ ಬೇಯೋಷ್ಟ್ರಲ್ಲಿ ಹೇಳಕ್ಕಾಗದೇ ಇರೋದನ್ನ ಕಾಗದದಲ್ಲಿ ಬರೀಬೇಕು" ಎನ್ನುತ್ತಿದ್ದರು. ಮಧ್ಯಾಹ್ನ ಒಂದರಿಂದ ಮೂರರ ತನಕ ಯಾರ ಮನೆಗೂ ಫೋನ್ ಮಾಡಕೂಡದು. ಎತ್ತಿದ ಕೂಡಲೇ ‘ಹಲೋ’ ಅನ್ನಕೂಡದು, ಮೊದಲು ನಮ್ಮ ಹೆಸರು ಹೇಳಬೇಕು. "ಆ ಕಡೆಯವರು ಕತ್ತಲೇಲಿ ಬಾಗಿಲು ತಟ್ಟಿದಾರೆ. ಯಾರ ಮನೆಗೆ ಬಂದ್ವಿ ಅಂತ ಮೊದಲು ಅವರಿಗೆ ಗೊತ್ತಾಗ್ಬೇಕು." ನನಗೆ ಇದನ್ನು ಇಪ್ಪತ್ತು ಸಲವಾದರೂ ಅಭ್ಯಾಸ ಮಾಡಿಸಿರಬೇಕು. ಪಕ್ಕದ ಕೋಣೆಗೆ ಹೋಗಿ ಎತ್ತುವಂತೆ ನಟಿಸಿ ಎನ್ನುತ್ತಿದ್ದರು, ಮೂವತ್ತು ದಾಟಿದ ಎಂಜಿನಿಯರ್ ನಾನು ನಟಿಸುತ್ತಿದ್ದೆ.

ಒಮ್ಮೆ ಅವರಿಗೆ ನಮ್ಮ ಮನೆಯಿಂದ ಫೋನ್ ಮಾಡಿದಾಗ, ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಊರಿಗೆ ಮಾಡಿದಾಗ ಇಡೀ ಮನೆಯವರು ಸುತ್ತ ಕೂತು ಕೇಳುವ ಅಭ್ಯಾಸ ನಮ್ಮದು. ಅವರು ಅರ್ಧ ವಾಕ್ಯದಲ್ಲೇ ನಿಲ್ಲಿಸಿದರು. "ಕೋಣೇಲಿ ಇನ್ಯಾರಿದಾರೆ?" ದನಿ ಬದಲಾದದ್ದರಿಂದಲೇ ಗೊತ್ತು ಹಚ್ಚಿದ್ದರು. "ಕೇಳಿ ಆಮೇಲೆ ಒತ್ತಿ. ನಾನು ಮಾತಾಡ್ತಿರೋದು ನಿಮ್ ಹತ್ರ ಮಾತ್ರ ಅಂತ ನಂಬ್ಕೊಂಡಿರ್ತೀನಿ. ಈ ದೇಶದಲ್ಲಿ ಆ ನಂಬಿಕೆಗೆ ಕಾನೂನಿದೆ. ಇಲ್ದೇ ಇದ್ರೂ ಕೇಳ್ಬೇಕು."

ಇನ್ನೊಮ್ಮೆ ಇಬ್ಬರೂ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಮೈಸೂರಿನಿಂದ ನನ್ನ ಅಣ್ಣನ ಫೋನ್ ಬಂತು. ಅಕ್ಕನ ಮಗಳ ಮದುವೆಗೆ ಬರುವುದಿಲ್ಲವೇ ಎಂದು ಅವನು ಕೂಗಿದ, ನಾನೂ ಕೂಗಿದೆ. ಇಳಿದ ಮೇಲೆ ಓಮಾ ಮೆಲ್ಲಗೆ ಹೇಳಿದರು: "ಒಂದು ಪದಾನೂ ಅರ್ಥ ಆಗ್ಲಿಲ್ಲ. ಜಗಳ ಅಂತ ಮಾತ್ರ ಟ್ರಾಮಿನವರಿಗೆಲ್ಲ ಅರ್ಥ ಆಯ್ತು. ಮಂದಿ ಜಗಳ ಕೇಳಿ ಬಾಯಿ ಮುಚ್ಕೊಂಡಿರೋಕೆ ನಂಗೆ ಸಂಬಳ ಕೊಡ್ತಿದ್ರು. ಪಾಪ, ಇವರಿಗೆ ಯಾರು ಕೊಡ್ತಾರೆ?"

ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಬರೀ ಕೆಲಸವಾಗಿರಲಿಲ್ಲ. ಎಕ್ಸ್‌ಚೇಂಜ್ ಸೇರಿದ ದಿನ, ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದ್ದರು. ನನ್ನ ಹೆಂಡತಿಗೆ ಆ ವಿಷಯದಲ್ಲಿ ಬಲು ಕುತೂಹಲ. ಎಷ್ಟು ಪ್ರೇಮ, ಎಷ್ಟು ಮೋಸ ಕೇಳಿರಬಹುದು ಎಂದು ಕೇಕ್ ಕತ್ತರಿಸುತ್ತಾ ಕೆಣಕುತ್ತಿದ್ದಳು. "ಕೇಳಿದೀನಿ. ಮರ್ತಿಲ್ಲ. ಹೇಳಲ್ಲ" ಎಂದು ಪ್ರತಿ ಸಲವೂ ಅವೇ ಮೂರು ಮಾತು.

ಒಂದು ಭಾನುವಾರ ಮಾತ್ರ, ಯಾರೂ ಕೇಳದಿದ್ದಾಗ, ಅವರೇ ಶುರು ಮಾಡಿದರು. "ಹೊಸದಾಗಿ ಸೇರಿದಾಗ ಒಂದಿನ ಬೋರ್ಡಿನಲ್ಲಿ ಒಂದು ಲೈನಿನ ದೀಪ ಹತ್ತಿತು. ‘ಹೇಳಿ’ ಅಂದೆ. ಬರೀ ಉಸಿರು. ಮಕ್ಕಳಾಟ ಅಂದ್ಕೊಂಡು ವೈರ್ ಕಿತ್ತೆ. ಮತ್ತೆ ಹತ್ತಿತು, ಮತ್ತೆ ಕಿತ್ತೆ. ಮೂರನೇ ಸಲ ಹತ್ತಲಿಲ್ಲ. ಮಾರನೇ ದಿನ ಗೊತ್ತಾಯ್ತು, ಅದು ಮಕ್ಕಳಲ್ಲ." ಯಾರು ಎಂದು ಹೆಂಡತಿ ಕೇಳಿದಳು. "ಹೇಳಲ್ಲ" ಅಂದರು. ಬಟ್ಟಲು ಕೆಳಗಿಟ್ಟರು. "ಅರ್ಧಕ್ಕೆ ನಿಂತ ರಿಂಗನ್ನ ಸುಮ್ನೆ ಬಿಡಬಾರದು" ಎಂದು ನನ್ನ ಕಡೆ ತಿರುಗಿ ಹೇಳಿದರು. ಹದಿನೇಳು ಸಂಜೆ ಕೋಟು ಹಾಕಿಕೊಂಡು ಯಾಕೆ ನಿಂತಿದ್ದರೆಂದು ನನಗೆ ಪೂರ್ತಿ ಅರ್ಥವಾದದ್ದು ಆಗ.

ಎರಡು ವರ್ಷದ ಮೇಲೆ ಅವರಿಗೆ ಬೇಕರಿಯ ಮುಂದೆ ತಲೆ ಸುತ್ತಿ ಬಂತು. ಒಬ್ಬರೇ ಇರುವವರು, ಕುತ್ತಿಗೆಗೆ ತುರ್ತು ಬಟನ್ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದರು. "ಗಂಟೆ ಕಟ್ಟಿಸ್ಕೊಳಕ್ಕೆ ನಾನೇನು ಹಸುವಾ?" ಎಂದು ಎದ್ದು ಬಂದರಂತೆ. ಮುಂದಿನ ಭಾನುವಾರ ಕಾಫಿ ಆದ ಮೇಲೆ ಗಂಟಲು ಸರಿಮಾಡಿಕೊಂಡು, "ಎಕ್ಸ್‌ಚೇಂಜಿಗೆ ಟೋಪಿ ಹಾಕೋ ಆ ನಿಮ್ಮೂರ ಪದ್ಧತಿ, ಇನ್ನೊಂದ್ಸಲ ಹೇಳಿ" ಅಂದರು. ನಾನು ನಗಲಿಲ್ಲ, ನಕ್ಕರೆ ಕೆಲಸ ಕೆಡುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಅವರು ಮೂರು ರಿಂಗ್ ಕೊಡುವುದು, ನಾವು ಎತ್ತದಿರುವುದು ಎಂದಾಯಿತು. ಮೂರು ರಿಂಗ್ ಎಂದರೆ ಎದ್ದಿದ್ದೇನೆ, ಆರಾಮಾಗಿದ್ದೇನೆ ಎಂದರ್ಥ. ಮನೆಯ ಒಂದು ಕೀಲಿಯನ್ನೂ ಕೊಟ್ಟರು, ಸಹಿ ಮಾಡಿಸಿಕೊಂಡೇ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಆ ಮೂರು ರಿಂಗಿನಿಂದ. ಮಗಳು ಕುರ್ಚಿ ಹತ್ತಿ ನಿಂತು ಎಣಿಸುತ್ತಿದ್ದಳು. ಎರಡಕ್ಕೆ ಎಲ್ಲರಂತೆ ‘ತ್ಸ್ವೈ’ ಎನ್ನದೆ ‘ತ್ಸ್ವೋ’ ಎನ್ನುತ್ತಿದ್ದಳು. ಗದ್ದಲದ ಲೈನಿನಲ್ಲೂ ಸ್ಪಷ್ಟವಾಗಿ ಕೇಳಲೆಂದು ಟೆಲಿಫೋನಿನವರು ಹಾಗೆ ಹೇಳುವುದು. ಕಿಂಡರ್‌ಗಾರ್ಟನ್ನಿನ ಟೀಚರಮ್ಮ, ಇವಳಿಗೆ ಎಣಿಕೆ ಯಾರು ಕಲಿಸಿದರು ಎಂದು ನಮ್ಮನ್ನು ಕೇಳಿದ್ದರು.

ಒಂದು ಫೆಬ್ರವರಿ ಬೆಳಿಗ್ಗೆ ಫೋನು ಒಂದೇ ಒಂದು ಸಲ, ಅದೂ ಅರೆಬರೆ, ಬಡಿದು ನಿಂತಿತು. "ಕಟ್ ಆಯ್ತು ಅನ್ಸತ್ತೆ, ಮತ್ತೆ ಮಾಡ್ತಾರೆ ಬಿಡಿ" ಅಂದಳು ಹೆಂಡತಿ. ನನಗೂ ಹಾಗೇ ಅನ್ನಿಸಿತು. ಎಂಟೂವರೆಗೆ ಮೀಟಿಂಗ್ ಬೇರೆ ಇತ್ತು. ಷೂ ಲೇಸು ಕಟ್ಟುತ್ತಾ ಎರಡನೆಯದಕ್ಕೆ ಕಾದೆ. ಬರಲಿಲ್ಲ. ಆಗ ಬೋರ್ಡಿನ ದೀಪ ನೆನಪಾಯಿತು. ಒಂದು ಕಾಲಿನ ಲೇಸು ಬಿಚ್ಚಿದಂತೆಯೇ, ಕೋಟಿಲ್ಲದೆ, ಕೀಲಿ ಹಿಡಿದು ಆ ಚಳಿಯಲ್ಲಿ ಎರಡು ಬೀದಿ ಓಡಿದೆ.

ನಡುಹಾದಿಯಲ್ಲಿ ಬಿದ್ದಿದ್ದರು. ಫೋನನ್ನು ವೈರು ಹಿಡಿದು ಕೆಳಗೆಳೆದುಕೊಂಡಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಣ್ಣು ತೆರೆದಿತ್ತು. ಒಂದೇ ಕೈಯಲ್ಲಿ ನಮ್ಮ ನಂಬರಿನ ಅಷ್ಟೂ ಅಂಕಿಗಳನ್ನು ಒತ್ತಿದ್ದರು, ತಪ್ಪಿಲ್ಲದೆ. ಮಾತು ಬರುತ್ತಿರಲಿಲ್ಲ. ಆಂಬುಲೆನ್ಸ್ ಬರುವ ತನಕ ಅವರ ಎಡಗಿವಿಯ ಹತ್ತಿರ ಬಗ್ಗಿ, ಬಂದಿದ್ದೀನಿ, ಬಂದಿದ್ದೀನಿ ಎಂದು ಕನ್ನಡದಲ್ಲೇ ಹೇಳುತ್ತಾ ಕೂತಿದ್ದೆ.

ಮಾತು ವಾಪಸು ಬರಲು ಬೇಸಿಗೆಯಾಯಿತು. ನನ್ನೊಂದಿಗೆ ಆಡಿದ ಮೊದಲ ಪೂರ್ತಿ ವಾಕ್ಯ, "ಮೂರಾಗ್ಬೇಕಿತ್ತು, ಒಂದೇ ಆಯ್ತು, ಕ್ಷಮಿಸಿ" ಎಂದು. ನನಗೆ ಅರ್ಥವಾಯಿತು ಎಂದೆ. "ಗೊತ್ತು. ಕಲಿಸಿದ್ದು ನಾನೇ ಅಲ್ವಾ" ಅಂದರು. ಆಸ್ಪತ್ರೆಯ ಕಾರಿಡಾರಿಗೆ ಬಂದು ನಾನು ಅತ್ತೆ.

ಈಗ ಗೊತ್ತಿಲ್ಲದ ನಂಬರಿನಿಂದ ಮಿಸ್ ಕಾಲ್ ಬಂದರೆ ನಾನು ತಿರುಗಿ ಮಾಡುತ್ತೇನೆ. ಮ್ಯೂನಿಕ್ ಹತ್ತಿರದ ಗಾರ್ಕಿಂಗ್‌ನಲ್ಲಿ ಓದುತ್ತಿರುವ ಮಗಳು, "ಪಪ್ಪಾ, ಅದು ಸ್ಪಾಮ್, ಬ್ಲಾಕ್ ಮಾಡಿ" ಎಂದು ಬೈಯುತ್ತಾಳೆ. ಹೆಚ್ಚಿನ ಸಲ ಅವಳು ಹೇಳಿದ್ದೇ ಸರಿಯಿರುತ್ತದೆ. ಆದರೂ ಮಾಡುತ್ತೇನೆ. ಆರೂ ಹತ್ತಕ್ಕೆ ಯಾರೋ ಕರೆದರೆಂದು ಕೋಟು ಹಾಕಿಕೊಂಡು ನಿಂತವರ ಋಣ ಅದು.

ಆಸ್ಪತ್ರೆಯಿಂದ ಓಮಾ ವೃದ್ಧರ ಆರೈಕೆ ಮನೆಗೆ ಹೋದರು. ಅಲ್ಲಿಂದಲೂ ನಾಲ್ಕು ವರ್ಷ, ಭಾನುವಾರವೂ ಬಿಡದೆ, ಎಂಟಕ್ಕೆ ಮೂರು ರಿಂಗ್ ಬಂತು. ಒಂದು ಬೆಳಿಗ್ಗೆ ಎಂಟಾಯಿತು, ಎಂಟೂ ಐದಾಯಿತು, ಫೋನು ಸುಮ್ಮನಿತ್ತು. ನಾನು ಕೋಟು ಹಾಕಿಕೊಂಡೆ. ಬಾಗಿಲ ಹತ್ತಿರ ಹೋದಾಗ ರಿಂಗಾಯಿತು. ಆಗಿನ್ನೂ ಚಿಕ್ಕವಳಾಗಿದ್ದ ಮಗಳು ಎಂದಿನಂತೆ ಎಣಿಸಿದಳು, ಒಂದು, ತ್ಸ್ವೋ, ಮೂರು. ಫೋನು ನಿಲ್ಲಲಿಲ್ಲ. ನಾಲ್ಕನೆಯದೂ ಬಂತು, ಐದನೆಯದೂ ಬಂತು. ಮಗಳು ಎಣಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ನಾನು ರಿಸೀವರ್ ಎತ್ತಿ, ಅವರು ಕಲಿಸಿದಂತೆ, ಮೊದಲು ನನ್ನ ಹೆಸರು ಹೇಳಿದೆ.