ಹಲ್ಲಲ್ಲಿ ಕಡಿದ ದಾರ

ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಟೈಲರ್ ಎಲ್ಲಾದರೂ ಉಂಟೇ? ಹೊಲಿಗೆಯಕ್ಕನದೂ ಅದೇ ಜಾತಿ. "ನಾಳೆ ಬನ್ನಿ" ಎಂದು ನಗುನಗುತ್ತಾ ಸಾಗಹಾಕುವಳು. ಗಿರಾಕಿಗಳ ಕತ್ತಿನ ಅಳತೆಯೆಲ್ಲ ಬಾಯಿಪಾಠ. ತನ್ನ ಕಾಲರ್ ಬಿಗಿಯಾದಾಗ ಮಾತ್ರ ಬಟ್ಟೆ ಕುಗ್ಗಿತೆಂದು ಅಂಗಡಿಯವನನ್ನು ಬೈದಳು. ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ ಸೂಜಿ ಬೆರಳಿಗೇ ಚುಚ್ಚಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು.

ಸ್ಕ್ಯಾನಿಗೆ ಹೆದರಿದ್ದೇ ದಂಡ. ತೋಳಿಗೊಂದು ಇಂಜೆಕ್ಷನ್, ಒಂದಿಷ್ಟು ಕಾಯುವುದು, ಆಮೇಲೆ ಕತ್ತಿನ ಮೇಲೆ ಬಾಗಿದ ಕ್ಯಾಮೆರಾದ ಕೆಳಗೆ ಅಲ್ಲಾಡದೆ ಮಲಗುವುದು. ಪರದೆಯ ಮೇಲೆ ಚಿಟ್ಟೆಯಂತೆ ಹೊಳೆದದ್ದು ಅವಳ ಕತ್ತಿನ ಥೈರಾಯ್ಡ್ ಗ್ರಂಥಿ. ಮೈಮುರಿದು ವಿಪರೀತ ದುಡಿಯುತ್ತಿದೆಯಂತೆ.

"ಅದಕ್ಕೂ ನಿನ್ನದೇ ಬುದ್ಧಿ ಬಂದಿದೆ ಬಿಡಮ್ಮ, ಹಗಲೂ ರಾತ್ರಿ ದುಡಿಯೋದು," ಎಂದಳು ಮಗಳು.

ಮುಂದಿನ ಸಲ ಅದರ ದುಡಿತ ತಗ್ಗಿಸಲು ವಿಕಿರಣ ತುಂಬಿದ ಅಯೋಡಿನ್ ಗುಳಿಗೆ. ಸೀಸದ ಡಬ್ಬಿಯಿಂದ ಬಂತು, ನೀರಿನ ಜೊತೆ ಇಳಿಯಿತು. ನೋವಿಲ್ಲ, ರುಚಿಯಿಲ್ಲ. ಕಷ್ಟವೆಲ್ಲ ಟೆಕ್ನಿಷಿಯನ್ನನ ಮಾತಿನಲ್ಲಿತ್ತು.

"ಎಂಜಲು, ಬೆವರು, ಮೂತ್ರದಲ್ಲಿ ಔಷಧಿ ಹೊರಗೆ ಹೋಗ್ತಿರುತ್ತೆ. ತಟ್ಟೆ, ಟವೆಲ್ ಬೇರೆ ಇಟ್ಕೊಳ್ಳಿ. ನಾವು ಹೇಳೋ ತನಕ ಮಗೂನ ಎತ್ಕೋಬೇಡಿ."

"ಒಂದೇ ಒಂದು ಮುತ್ತು?"

"ಊಹೂಂ."

ಮೊಮ್ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಹಿಂದಿನ ಕೋಣೆಯ ಬಾಗಿಲಿಗೆ ಬಂದು ಅಂಗೈಯಿಂದ ಬಡಿಯುವಳು. ಒಳಗಿನಿಂದ ಅಜ್ಜಿಯೂ ಮೆತ್ತಗೆ ಬಡಿಯುವಳು. ಅಷ್ಟರಲ್ಲಿ ಮಗಳು ಬಂದು ಮಗುವನ್ನು ಹೊತ್ತೊಯ್ಯುವಳು. ಅಷ್ಟೇ ವ್ಯಾಪಾರ.

ಖಾಲಿ ತೋಳಿಗೆ ಕೆಲಸ ಬೇಡವೇ? ಕೂತು ಹಳದಿ ಫ್ರಾಕೊಂದನ್ನು ಕೈಯಲ್ಲೇ ಹೊಲಿದಳು. ಹೊಸ್ತಿಲಾಚೆ ಇಟ್ಟು ಬಾಗಿಲು ಹಾಕಿಕೊಂಡು ಕೂಗಿದಳು: "ತೊಡಿಸೇ, ಕಿಟಕಿಯಿಂದ ನೋಡ್ತೀನಿ. ನಾನು ಮುಟ್ಟೋ ಹಾಗಿಲ್ಲ, ನನ್ನ ಹೊಲಿಗೆಯಾದ್ರೂ ಮುಟ್ಟಲಿ."

ಎತ್ತಿಕೊಳ್ಳಲು ಬಗ್ಗಿದ ಮಗಳು ಗಕ್ಕನೆ ನಿಂತಳು. "ಅಮ್ಮಾ, ದಾರ ಹೇಗೆ ಪೋಣಿಸ್ದೆ?"

ಒಳಗೆ ಅಜ್ಜಿ ನಾಲಗೆ ಕಚ್ಚಿಕೊಂಡಳು. ಜೀವಮಾನವೆಲ್ಲ ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ ಪೋಣಿಸಿದವಳು, ಹಲ್ಲಲ್ಲೇ ಕಡಿದವಳು. ಕತ್ತರಿ ಇದ್ದದ್ದು ಗಿರಾಕಿಗಳಿಗೆ ತೋರಿಸಲು.

ಅಜ್ಜಿ ಫೋನ್ ಮಾಡಿ ಕೇಳಿದಾಗ ಟೆಕ್ನಿಷಿಯನ್ ನಗು ತಡೆದುಕೊಂಡ. "ಬೇರೆಯಾಗಿ ಒಗೆದು ಎತ್ತಿಡಿ. ನೀವು ಬೇರೆ ಇರೋ ಅವಧಿ ಮುಗಿದ ಮೇಲೆ ಮಗೂಗೆ ಹಾಕಿ, ಏನೂ ಆಗಲ್ಲ."

"ಅಷ್ಟರಲ್ಲಿ ಬೆಳೆದುಬಿಟ್ಟಿರ್ತಾಳೆ," ಎಂದಳು ಮಗಳು.

"ಬೆಳೀಲಿ ಬಿಡೇ. ಬಿಚ್ಚಿ ದೊಡ್ಡದು ಮಾಡೋಕೆ ಒಳಗೆ ಬಟ್ಟೆ ಬಿಟ್ಟಿದೀನಿ."

ಫ್ರಾಕನ್ನು ಅಜ್ಜಿ ತಾನೇ ಒಗೆದು ಕಿಟಕಿಯ ಮುಂದಿನ ಹಗ್ಗಕ್ಕೆ ಹಾಕಿದಳು. ಸಂಜೆ ಗಾಳಿಗೆ ಪುಟ್ಟ ತೋಳುಗಳು ಉಬ್ಬಿದವು, ಒಳಗೆ ಯಾರೋ ಇದ್ದ ಹಾಗೆ. ಅಂಗಳದ ಆ ತುದಿಯಲ್ಲಿ ಮಗಳ ಸೊಂಟದ ಮೇಲಿದ್ದ ಮಗು ಇತ್ತ ಕೈ ಚಾಚಿತು, ಫ್ರಾಕಿಗೋ ಅಜ್ಜಿಗೋ. ಅಜ್ಜಿಯ ಕೈ ಅವಳಿಗೇ ತಿಳಿಯದೆ ಕಿಟಕಿಯ ಸರಳು ದಾಟಿತ್ತು. ಒಳಗೆಳೆದುಕೊಂಡಳು.

"ನಾಳೆ ಬಾ ಬಂಗಾರಿ," ಎಂದಳು.

ಈ ಗಿರಾಕಿ ಮಾತ್ರ ಗೊಣಗಲಿಲ್ಲ. ಕೈ ಚಾಚಿಯೇ ಇತ್ತು.