ಹೊರಗಿನಿಂದ ಎಣಿಸಿದ ಸುತ್ತು

ನಮ್ಮ ಅತ್ತೆಯ ಬಾಯಿ ಅಂದರೆ ಬಾಯಿ. ಮದುವೆಯಾಗಿ ಬಂದ ವಾರಕ್ಕೇ ನನಗೂ ಅವರಿಗೂ ಜಟಾಪಟಿ. ಆದರೆ ಕೈಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ದೋಣಿಗಳಿಗೆ ವೈರ್‌ಲೆಸ್ ಸೆಟ್ಟು ಮಾಡುವ ಪುಟ್ಟ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಮೇಜು ಹತ್ತೊಂಬತ್ತು ವರ್ಷದಿಂದ ಅವರದು. ಫೆರೈಟ್ ಅನ್ನುವ ಕಬ್ಬಿಣಾಂಶದ ಬೂದುಬಣ್ಣದ ಉಂಗುರಗಳಿಗೆ ತಾಮ್ರದ ತಂತಿ ಸುತ್ತಿ ಟ್ರಾನ್ಸ್‌ಫಾರ್ಮರ್ ಮಾಡುತ್ತಾರೆ. ಸೆಟ್ಟಿಗೂ ಆಂಟೆನಾಗೂ ತಾನಾಗಿ ಹೊಂದಿಕೆಯಾಗುವುದಿಲ್ಲ. ನಡುವೆ ಸರಿಯಾದ ಉಂಗುರ ಇಲ್ಲದಿದ್ದರೆ ಕಳಿಸಿದ ಶಕ್ತಿಯಲ್ಲಿ ಒಂದಷ್ಟು ವಾಪಸ್ ಬಂದು ಸೆಟ್ಟನ್ನೇ ಬಿಸಿ ಮಾಡುತ್ತದೆ.

ಅವರೇ ಮಾತಾಡಿ ನನ್ನನ್ನೂ ಅಲ್ಲಿ ತರಬೇತಿಗೆ ಸೇರಿಸಿದರು. "ಒಂದು ತಂತಿ ಒಂದು ಸುತ್ತು, ಇನ್ನೊಂದು ಮೂರು. ಬ್ರಹ್ಮವಿದ್ಯೆ ಏನಲ್ಲ," ಅಂದರು. ಸುತ್ತಿದೆ. ನನ್ನವೂ ಅವರ ಪೆಟ್ಟಿಗೆಯಲ್ಲೇ ಹೋಗುತ್ತಿದ್ದವು.

ತಿಂಗಳೊಳಗೆ ನಲವತ್ತು ಉಂಗುರಗಳ ಪೆಟ್ಟಿಗೆ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಬಂತು. ಮಾಲೀಕರು ಅದನ್ನು ಅತ್ತೆಯ ಮೇಜಿನ ಮೇಲೆ ಕುಕ್ಕಿದರು. "ನಿಮ್ಮ ಕಣ್ಣು ಕೈಕೊಟ್ಟಿದೆ ಕಣಮ್ಮಾ. ಸೋಮವಾರದಿಂದ ಪ್ಯಾಕಿಂಗ್‌ಗೆ ಹೋಗಿ."

ಅತ್ತೆ ಒಂದು ಉಂಗುರ ಎತ್ತಿ ನೋಡಿ, "ಆಯ್ತು ಸರ್," ಅಂದರು. ಅಷ್ಟೇ! ಮನೆಯಲ್ಲಿ ಬಾಗಿಲು ಜೋರಾಗಿ ಹಾಕಿದರೆ ಅರ್ಧ ದಿನ ಬೈಯುವ ಹೆಂಗಸು! ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಸಾಕ್ಷಿ ಬೇಕಲ್ಲ ಎಂದು ನಾನೂ ಒಂದು ಎತ್ತಿಕೊಂಡೆ. ತಂತಿ ಎಡಕ್ಕೆ ಸುತ್ತಿತ್ತು. ಇಡೀ ಕಾರ್ಖಾನೆಯಲ್ಲಿ ಎಡಗೈಯವಳು ನಾನೊಬ್ಬಳೇ.

ಊಟದ ಹೊತ್ತಿಗೆ ಅತ್ತೆಯನ್ನು ಹಿಡಿದುಕೊಂಡೆ. "ಇವು ನಾನು ಸುತ್ತಿದ್ದು ಅಂತ ಗೊತ್ತಾಯ್ತಲ್ವಾ? ಎಲ್ಲಿ ತಪ್ಪಿದೆ?"

"ತಂತಿ ತೂತಿನೊಳಗೆ ಒಂದು ಸಲ ತೂರಿದ್ರೆ ಒಂದು ಸುತ್ತು. ನೀನು ಹೊರಗಡೆ ಕಾಣೋದನ್ನ ಎಣಿಸಿದ್ದೀಯ. ಮೊದಲು ತೂರಿದ್ದು ಹೊರಗೆ ಕಾಣಲ್ಲ, ಅದಕ್ಕೇ ಒಂದು, ಮೂರು ಆಗಬೇಕಾದ್ದು ಎರಡು, ನಾಲ್ಕು ಆಗಿದೆ. ಹೇಳಿಕೊಡದೇ ಇದ್ದದ್ದು ನಂದೇ ತಪ್ಪು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನನ್ನನ್ನಾದ್ರೆ ಪ್ಯಾಕಿಂಗ್‌ಗೆ ಹಾಕ್ತಾರೆ. ನಿನ್ನನ್ನ ಮನೆಗೇ ಕಳಿಸ್ತಾರೆ. ತೆಪ್ಪಗೆ ಊಟ ಮಾಡು."

ಊಟದ ಡಬ್ಬಿ ಮುಚ್ಚಿಟ್ಟೆ. ನೆಟ್ಟಗೆ ಮಾಲೀಕರ ಕೋಣೆಗೆ ನುಗ್ಗಿ ಎಲ್ಲ ಒದರಿಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಲವತ್ತನ್ನೂ ಬಿಚ್ಚಿ ಮತ್ತೆ ಸುತ್ತು. ನಿಮ್ಮತ್ತೆ ಕೈ ಹಾಕೋ ಹಾಗಿಲ್ಲ. ಸಂಜೆ ಮೀಟರಿಗೆ ಹಾಕಿ ಅವರೇ ನೋಡ್ಲಿ. ಎಲ್ಲ ಸರಿಯಿದ್ರೆ ಇಬ್ಬರೂ ನಿಮ್ಮ ನಿಮ್ಮ ಜಾಗದಲ್ಲಿರಿ. ಒಂದು ತಪ್ಪಿದ್ರೂ ನೀನು ನಾಳೆ ಬರಬೇಡ."

ಬೆರಳಿಗೆ ಬೊಬ್ಬೆ ಬರುವಂತೆ ಸುತ್ತಿದೆ. ಸಂಜೆ ಅತ್ತೆ ಒಂದೊಂದನ್ನೇ ಮೀಟರಿಗೆ ಹಾಕಿದರು. ಮುಳ್ಳು ಅವರಿಗಷ್ಟೇ ಕಾಣುತ್ತಿತ್ತು. ಮಾಲೀಕರು ಬಾಗಿಲಲ್ಲಿ ನಿಂತು, "ಹೇಗಮ್ಮಾ?" ಅಂದರು.

"ಮೂವತ್ತೊಂಬತ್ತು ಸರಿ. ಒಂದು ಸರಿಯಿಲ್ಲ."

ಅಯ್ಯೋ ಪುಣ್ಯಾತಗಿತ್ತಿ!

ಮಾಲೀಕರೂ ತಬ್ಬಿಬ್ಬಾದರು. "ಬೆಳಿಗ್ಗೆ ಇವಳಿಗೋಸ್ಕರ ಸುಮ್ಮನಿದ್ರಿ. ಈಗಲೂ ಇರಬಹುದಿತ್ತಲ್ಲ?"

"ಬೆಳಿಗ್ಗೆ ಹೋಗ್ತಿದ್ದದ್ದು ನನ್ನ ಕುರ್ಚಿ ಸರ್. ಇದು ಹೋಗೋದು ದೋಣಿಗೆ."

ಸಿಟ್ಟೂ ಪ್ರೀತಿಯೂ ಒಟ್ಟಿಗೇ ಉಕ್ಕಿ ನನಗೆ ಅಳು ಬಂತು. ಟಿಫಿನ್ ಡಬ್ಬಿ ಚೀಲಕ್ಕೆ ತುರುಕತೊಡಗಿದೆ. ಮಾಲೀಕರು ಆ ಒಂದು ಉಂಗುರವನ್ನು ನನ್ನ ಕೈಗೇ ಕೊಟ್ಟರು.

"ಎಲ್ಲಿಗೆ ಹೊರಟೆ? ಕೂತ್ಕೋ. ಇದನ್ನ ಅವರ ಪಕ್ಕದಲ್ಲೇ ಸುತ್ತು. ನಾಳೆ ಬೇಗ ಬಾ."